ಬರಿಗಾಲಿನ ದಾರಿ: ಸಂತ ಜೋಸೆಫ್ ವಾಜ್ ಅವರ ಬಡತನದ ಅರ್ಥ



ತ್ಯಾಗ ಎಂದರೇನು ಎಂಬುದನ್ನು ಚಿಕ್ಕೋಡಿ ಸೀಮೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ನಿಪ್ಪಾಣಿ ಬಳಿಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಸಾತಗೌಡರು ಮುಂದೆ ಆಚಾರ್ಯ ಶಾಂತಿಸಾಗರರಾದರು. ಮೈಮೇಲೆ ನೂಲಿನೆಳೆಯೂ ಇಲ್ಲದೆ ಉತ್ತರ ಹಿಂದುಸ್ಥಾನದವರೆಗೆ ಕಾಲ್ನಡಿಗೆಯಲ್ಲಿ ಹೋಗಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತಂದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಹುಡುಗ ಆಚಾರ್ಯ ವಿದ್ಯಾಸಾಗರರಾದರು. ಕಾಗವಾಡ ಭಾಗದ ಶೇಡಬಾಳ ಆಚಾರ್ಯ ವಿದ್ಯಾನಂದರನ್ನು ಕೊಟ್ಟಿತು. ಅಥಣಿಯ ಗಚ್ಚಿನಮಠದಲ್ಲಿದ್ದು 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳ ಹೆಸರು ಕೇಳಿದರೆ ಈ ಭಾಗದ ಮನೆಗಳಲ್ಲಿ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ. ಅಪರಿಗ್ರಹ, ವೈರಾಗ್ಯ, ದಾಸೋಹ ಎಂಬ ಮಾತುಗಳು ಇಲ್ಲಿ ಪುಸ್ತಕದಿಂದ ಬಂದವಲ್ಲ, ಊರ ಬೀದಿಯಲ್ಲಿ ನಡೆದುಹೋದವರ ಹೆಜ್ಜೆಯಿಂದ ಬಂದವು. ಇಂಥ ನೆಲದಲ್ಲಿ ನಿಂತು ಒಬ್ಬ ಕ್ರೈಸ್ತ ಸಂತನ ಬಡತನದ ಬಗ್ಗೆ ಮಾತನಾಡುವವನು ಬರೀ ಗುಣಗಾನ ಮಾಡಿದರೆ ಸಾಲದು. ಎಲ್ಲವನ್ನೂ ಬಿಟ್ಟವರನ್ನು ಕಂಡ ಜನ ಕೇಳುವ ಪ್ರಶ್ನೆ ಬೇರೆ: ಬಿಟ್ಟದ್ದು ಏತಕ್ಕೆ, ಬಿಟ್ಟದ್ದರಿಂದ ಆದದ್ದೇನು?

ಆ ಪ್ರಶ್ನೆಯನ್ನು ಕೇಳಲು ನಾನು ಆರಿಸಿಕೊಂಡವರು ಸಂತ ಜೋಸೆಫ್ ವಾಜ್. ಗೋವೆಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿ, ನಮ್ಮ ಕರಾವಳಿಯಲ್ಲಿ ಮೂರು ವರ್ಷ ದುಡಿದು, ಶ್ರೀಲಂಕೆಯಲ್ಲಿ ಸುಮಾರು 24 ವರ್ಷ ಬಾಳಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡ ಧರ್ಮಗುರು ಅವರು. ಪೋಪ್ ಎರಡನೆಯ ಜಾನ್ ಪೌಲ್ 1995ರಲ್ಲಿ ಅವರನ್ನು ಪುನೀತರೆಂದೂ ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದೂ ಸಾರಿದರು. ಎರಡೂ ಕೊಲಂಬೊದಲ್ಲೇ ನಡೆದವು. ಅವರನ್ನು ಕುರಿತ ಪ್ರವಚನಗಳಲ್ಲಿ ಬಡತನ, ಸೇವೆ, ಭಕ್ತಿ ಎಂಬ ಮೂರನ್ನೂ ಒಂದೇ ಹಾರದ ಮೂರು ಮಣಿಗಳಂತೆ ಪೋಣಿಸಿ ಹೇಳುವುದು ವಾಡಿಕೆ. ನನಗೆ ಆ ಪೋಣಿಕೆ ಒಪ್ಪಿಗೆಯಾಗುವುದಿಲ್ಲ. ವಾಜ್ ಅವರ ಬದುಕಿನಲ್ಲಿ ಈ ಮೂರಕ್ಕೂ ಒಂದು ಕ್ರಮವಿದೆ. ಭಕ್ತಿ ಅವರನ್ನು ಬಡತನಕ್ಕೆ ಇಳಿಸಿತು. ಬಡತನ ಅವರಿಗೆ ಅಧಿಕಾರ ತೆರೆಯಲಾರದ ಬಾಗಿಲನ್ನು ತೆರೆಯಿತು. ಆ ಬಾಗಿಲಿನೊಳಗೆ ಹೋದ ಮೇಲೆ ಸೇವೆ ಸಾಧ್ಯವಾಯಿತು. ಅವರ ಕೈಯಲ್ಲಿ ಅಧಿಕಾರಪತ್ರ ಇದ್ದಾಗ ಕೆಲಸ ಕುಂಟಿತು, ಕೈ ಬರಿದಾದಾಗ ನಡೆಯಿತು. ಈ ಉಪನ್ಯಾಸದಲ್ಲಿ ನಾನು ಸಾಧಿಸಹೊರಟಿರುವುದು ಇಷ್ಟೇ.

ಮೊದಲು ಈ ನೆಲಕ್ಕೂ ಅವರಿಗೂ ಇರುವ ತೆಳುವಾದ ಒಂದು ನಂಟನ್ನು ಹೇಳಬೇಕು. 1675ರಲ್ಲಿ ಗೋವೆಯಲ್ಲಿ ವಾಜ್ ಅವರಿಗೆ ಉಪಯಾಜಕ ದೀಕ್ಷೆ ಕೊಟ್ಟವರು ಧರ್ಮಾಧ್ಯಕ್ಷ ಕುಸ್ತೋದಿಯೊ ದ ಪಿನ್ಹೊ. ಅವರ ಪದವಿಯ ಹೆಸರು ಬಿಜಾಪುರ ಮತ್ತು ಗೋಲ್ಕೊಂಡಗಳ ಪ್ರೇಷಿತ ಪ್ರತಿನಿಧಿ ಎಂದು. ಅಥಣಿ, ರಾಯಬಾಗಗಳು ಆಗ ಆದಿಲಶಾಹಿಯ ಊರುಗಳು. ಬಿಜಾಪುರದಿಂದ ಗೋವೆಯ ಕಡೆಗೆ ಹೋಗುವ ವ್ಯಾಪಾರದ ದಾರಿ ಅಥಣಿಯನ್ನು ಹಾದುಹೋಗುತ್ತಿತ್ತು. ಅಂದರೆ ದಖ್ಖನ್ನಿನ ಈ ಮೂಲೆ ಗೋವೆಯ ಚರ್ಚಿನ ನಕಾಶೆಯಲ್ಲಿ ಆಗಲೇ ಇತ್ತು. ಮರುವರ್ಷ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾಂವ್ ಅವರಿಂದ ವಾಜ್ ಗುರುದೀಕ್ಷೆ ಪಡೆದರು. ದೀಕ್ಷೆಯಾದ ಕೆಲವೇ ದಿನಗಳಲ್ಲಿ ಅವರು ಪಾದರಕ್ಷೆ ಬಿಟ್ಟರು. ಕಾಲಿನಲ್ಲಿ ಏನಿದೆ ಎಂಬುದರ ಮೇಲೆ ಮನುಷ್ಯನ ಅಂತಸ್ತು ಅಳೆಯುತ್ತಿದ್ದ ಕಾಲ ಅದು. ಚಪ್ಪಲಿ ಹೊಲಿದು ನಾಡಿಗೆಲ್ಲ ಹೆಸರಾದ ಅಥಣಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚಪ್ಪಲಿ ಮೆಟ್ಟಿ ಯಾರು ಯಾರ ಮುಂದೆ ನಡೆಯಬಹುದು, ಯಾರು ಕೈಯಲ್ಲಿ ಹಿಡಿದು ದಾಟಬೇಕು ಎಂಬ ಕಟ್ಟು ನಮ್ಮ ಹಳ್ಳಿಗಳಲ್ಲೂ ಬಹುಕಾಲ ಇತ್ತು. ಅನುಕೂಲಸ್ಥ ಮನೆತನದ, ಲ್ಯಾಟಿನ್ ಬಲ್ಲ ಯುವ ಪಾದ್ರಿ ಬರಿಗಾಲಿನಲ್ಲಿ ನಡೆದದ್ದು ದೇಹದಂಡನೆಗಾಗಿ ಮಾತ್ರವಲ್ಲ. ಆ ಕಟ್ಟಿನಲ್ಲಿ ತಮಗೆ ಸಿಕ್ಕಿದ್ದ ಮೇಲಿನ ಜಾಗವನ್ನು ಅವರು ತಾವಾಗಿ ಬಿಟ್ಟುಕೊಟ್ಟರು. 1677ರಲ್ಲಿ ಅವರು ತಮ್ಮನ್ನು ಮೇರಿಮಾತೆಯ ದಾಸನೆಂದು ಘೋಷಿಸಿಕೊಂಡು ಒಂದು ದಾಸ್ಯಪತ್ರವನ್ನೇ ಬರೆದುಕೊಟ್ಟರು. ಮನುಷ್ಯರನ್ನು ಮಾರುವ ಕೊಳ್ಳುವ ಪತ್ರಗಳನ್ನು ಗೋವೆಯಲ್ಲಿ ನಿಜವಾಗಿಯೂ ಬರೆಯಲಾಗುತ್ತಿದ್ದ ದಿನಗಳಲ್ಲಿ, ಆ ಪತ್ರದ ನಮೂನೆಯನ್ನೇ ಎತ್ತಿಕೊಂಡು ತನ್ನನ್ನು ಬರೆದುಕೊಟ್ಟ ಭಕ್ತ ಇವರು. ಭಕ್ತಿ ಮೊದಲು, ಬಡತನ ಅದರ ನಡೆ ಎಂದು ನಾನು ಹೇಳುವುದಕ್ಕೆ ಆಧಾರ ಇಲ್ಲಿದೆ.

ಈಗ ಕೆನರಾ. 1681ರಲ್ಲಿ ಗೋವೆಯ ಧರ್ಮಪೀಠ ವಾಜ್ ಅವರನ್ನು ಕೆನರಾ ಮಿಷನ್ನಿನ ಮೇಲ್ವಿಚಾರಕರನ್ನಾಗಿ ನೇಮಿಸಿ ಕಳಿಸಿತು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ ಅದು. ಕರಾವಳಿಯ ಕ್ರೈಸ್ತರು ಅಲ್ಲಲ್ಲಿ ಚದುರಿದ್ದರು, ಇಗರ್ಜಿಗಳು ಪಾಳುಬಿದ್ದಿದ್ದವು. ಬಸ್ರೂರು, ಗಂಗೊಳ್ಳಿ, ಕುಂದಾಪುರ, ಕಲ್ಯಾಣಪುರ, ಮಂಗಳೂರು ಎಂದು ವಾಜ್ ನಡೆದರು. ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಶಾಲೆ ತೆರೆದರು, ರೋಗಿಗಳ ಮನೆಬಾಗಿಲಿಗೆ ಹೋದರು. ಇಷ್ಟೆಲ್ಲ ಮಾಡಿದರೂ ಆ ಮೂರು ವರ್ಷಗಳ ಮೇಲೆ ಒಂದು ಜಗಳದ ನೆರಳು ಬಿದ್ದಿತ್ತು. ಪೂರ್ವದೇಶಗಳ ಚರ್ಚಿನ ಮೇಲೆ ಪೋರ್ಚುಗಲ್ ದೊರೆಗೆ ಹಿಂದೆ ಕೊಟ್ಟಿದ್ದ ಹಕ್ಕು ಒಂದು ಕಡೆ, ರೋಮ್ ನೇರವಾಗಿ ಕಳಿಸಿದ ಪ್ರತಿನಿಧಿಗಳ ಅಧಿಕಾರ ಇನ್ನೊಂದು ಕಡೆ. ರೋಮಿನ ಪ್ರತಿನಿಧಿಯಾಗಿ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಆಗಲೇ ಮಂಗಳೂರಿನಲ್ಲಿದ್ದರು. ಅವರು ಕೂಡ ಗೋವೆಯವರೇ. ಒಬ್ಬರ ಕಡೆಯ ಗುರು ಕೊಟ್ಟ ಸಂಸ್ಕಾರ ಇನ್ನೊಬ್ಬರ ಕಡೆಯವರಿಗೆ ಸಲ್ಲುತ್ತದೆಯೇ ಎಂಬ ಸಂಶಯ ಬಡ ಬೆಸ್ತರ, ಒಕ್ಕಲು ಮಕ್ಕಳ ಮನೆಗಳನ್ನೂ ಸೀಳಿತು. ವಾಜ್ ಅವರು ಜಗಳ ಬೆಳೆಸಲಿಲ್ಲ, ಕಾಸ್ತ್ರೊ ಅವರೊಡನೆ ಮಾತುಕತೆಯ ದಾರಿಯನ್ನೇ ಹಿಡಿದರು. ಆದರೂ ಅವರು ಬಂದದ್ದು ಒಂದು ಪಕ್ಷದ ನೇಮಕಪತ್ರ ಹಿಡಿದು. ಕಾಲು ಬರಿದಾಗಿತ್ತು, ಕೈ ಬರಿದಾಗಿರಲಿಲ್ಲ. ಅವರು 1684ರಲ್ಲಿ ಗೋವೆಗೆ ಮರಳಿದಾಗ ಮಿಷನ್ನಿಗೆ ಉಸಿರು ಬಂದಿತ್ತು, ಅಧಿಕಾರದ ತಂಟೆ ಮಾತ್ರ ಬಗೆಹರಿದಿರಲಿಲ್ಲ. ಅವರು ಸತ್ತು ತಲೆಮಾರುಗಳಾದರೂ ಅದು ಬಗೆಹರಿಯಲಿಲ್ಲ. ಅವರ ಚರಿತ್ರೆ ಬರೆದವರು ಈ ಮೂರು ವರ್ಷಗಳನ್ನು ಮುಂದಿನ ದೊಡ್ಡ ಕೆಲಸದ ಪೀಠಿಕೆಯಂತೆ ದಾಟಿಸಿಬಿಡುತ್ತಾರೆ. ನನಗೆ ಕಾಣುವಂತೆ ಇದೇ ಅವರ ಬದುಕಿನ ತಿರುವು. ಅಧಿಕಾರ ಒಳ್ಳೆಯವನ ಕೈಯಲ್ಲಿದ್ದರೂ ಸೇವೆಗೆ ಹೇಗೆ ಅಡ್ಡ ಬರುತ್ತದೆ ಎಂಬುದನ್ನು ಅವರು ಕನ್ನಡ ಕರಾವಳಿಯಲ್ಲಿ ಕಲಿತರು.

ಆಮೇಲೆ ಅವರು ಮಾಡಿದ ಆಯ್ಕೆಗಳನ್ನು ನೋಡಿದರೆ ಈ ಮಾತು ಗಟ್ಟಿಯಾಗುತ್ತದೆ. 1685ರಲ್ಲಿ ಹಳೆಯ ಗೋವೆಯ ಗುಡ್ಡದ ಮೇಲೆ, ಪವಾಡದ ಶಿಲುಬೆಯ ಇಗರ್ಜಿಯಲ್ಲಿ ಕೂಡಿ ಬಾಳುತ್ತಿದ್ದ ಕೆಲವು ದೇಶೀ ಗುರುಗಳನ್ನು ಅವರು ಸೇರಿಕೊಂಡರು. ಆ ಗುಂಪು ಅವರ ಮುಂದಾಳ್ತನದಲ್ಲಿ ಸಂತ ಫಿಲಿಪ್ ನೇರಿಯ ಒರೆಟರಿ ಸಂಘವಾಯಿತು. ಯುರೋಪಿನ ಸನ್ಯಾಸಿ ಸಂಘಗಳು ಭಾರತೀಯರನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳದಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ಸಂಘದ ಹಿರಿಯನ ಸ್ಥಾನದಲ್ಲಿ ಅವರು ಹಾಯಾಗಿ ಇರಬಹುದಿತ್ತು. ಮರುವರ್ಷವೇ ಅದನ್ನು ಬಿಟ್ಟು ದಕ್ಷಿಣಕ್ಕೆ ಹೊರಟರು. 1686 ಈ ಸೀಮೆಯ ಚರಿತ್ರೆಯಲ್ಲೂ ಮರೆಯಲಾಗದ ವರ್ಷ: ಔರಂಗಜೇಬನ ಸೈನ್ಯ ಬಿಜಾಪುರವನ್ನು ಹಿಡಿದು ಆದಿಲಶಾಹಿ ಮುಗಿದದ್ದು ಆಗಲೇ. ದಖ್ಖನ್ನಿನಲ್ಲಿ ಒಂದು ಸಿಂಹಾಸನ ಉರುಳುತ್ತಿದ್ದ ವರ್ಷದಲ್ಲಿ ಒಬ್ಬ ಪಾದ್ರಿ ತನ್ನ ಸಣ್ಣ ಹಿರಿತನವನ್ನು ಕಳಚಿಟ್ಟು ತೂತ್ತುಕುಡಿಯ ದಾರಿ ಹಿಡಿದ.

ಅವರು ಹೋಗಬೇಕಾಗಿದ್ದ ಸಿಲೋನಿನ, ಅಂದರೆ ಇಂದಿನ ಶ್ರೀಲಂಕೆಯ, ಸ್ಥಿತಿ ಹೀಗಿತ್ತು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. ಡಚ್ಚರು ಕ್ಯಾಲ್ವಿನ್ ಪಂಥದ ಪ್ರೊಟೆಸ್ಟಂಟರು; ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ಕಥೋಲಿಕ ಪೂಜೆ ಅಪರಾಧವಾಗಿತ್ತು. ಸುಮಾರು ಮೂವತ್ತು ವರ್ಷ ಅಲ್ಲಿನ ಜನ ಗುರುವಿಲ್ಲದೆ ಮನೆಯೊಳಗೆ ಪ್ರಾರ್ಥನೆ ಮಾಡಿಕೊಂಡು ಬಂದಿದ್ದರು. ಅಲ್ಲಿಗೆ ನಿಲುವಂಗಿ ತೊಟ್ಟು ಹೋಗುವಂತಿಲ್ಲ, ಪೋರ್ಚುಗಲ್ಲಿನ ಹೆಸರು ಹೇಳುವಂತೆ ಮೊದಲೇ ಇಲ್ಲ. ವಾಜ್ ಕೂಲಿಯವನ ಬಟ್ಟೆ ಉಟ್ಟು, ಜುವಾಂವ್ ಎಂಬ ಸೇವಕನೊಡನೆ 1687ರಲ್ಲಿ ಹಡಗು ಹತ್ತಿದರು. ಆಮಶಂಕೆಯಿಂದ ನಿತ್ರಾಣರಾಗಿ ಜಾಫ್ನಾ ಮುಟ್ಟಿದ ಇಬ್ಬರನ್ನೂ ಅಲ್ಲಿನ ಬಡವರು ಗಂಜಿ ಕೊಟ್ಟು ಉಳಿಸಿದರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಚೇತರಿಸಿಕೊಂಡ ಮೇಲೆ ಅವರು ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಮನೆಮನೆ ಭಿಕ್ಷೆಗೆ ಹೋದರು. ಭಿಕ್ಷುಕನ ಕೊರಳಿನ ಮಾಲೆಯನ್ನು ಕಂಡು ಯಾರ ಮುಖ ಬದಲಾಗುತ್ತದೆ ಎಂದು ನೋಡುತ್ತ, ಅಡಗಿದ್ದ ಭಕ್ತರನ್ನು ಒಬ್ಬೊಬ್ಬರಾಗಿ ಗುರುತಿಸಿದರು. ಆಮೇಲೆ ಸಿಲ್ಲಾಲೈ ಎಂಬ ಹಳ್ಳಿ ಅವರ ನೆಲೆಯಾಯಿತು. ರಾತ್ರಿ ಹೊತ್ತು ಪಾಪನಿವೇದನೆ, ರಾತ್ರಿಯೇ ಪೂಜೆ. ಇಲ್ಲಿ ಬಡತನದ ಕೆಲಸವೇನೆಂದು ಗಮನಿಸಬೇಕು. ಸೈನ್ಯ, ಹಣ, ರಾಜಪತ್ರಗಳ ಬಲವಿದ್ದ ಯಾವ ಧರ್ಮಾಧ್ಯಕ್ಷನಿಗೂ ತೆರೆಯದ ಬಾಗಿಲು ಒಬ್ಬ ಭಿಕ್ಷುಕನಿಗೆ ತೆರೆಯಿತು. ನಮ್ಮ ಜಂಗಮರು ಕಂತೆಭಿಕ್ಷೆಗೆ ಹೋಗುವಾಗ ಮನೆಯ ಸುಖದುಃಖ ತಿಳಿಯುವುದೂ ಅದರ ಭಾಗವೇ ಅಲ್ಲವೆ?

1692ರಲ್ಲಿ ಅವರು ಡಚ್ಚರ ಸೀಮೆ ದಾಟಿ ಕ್ಯಾಂಡಿಯ ಬೌದ್ಧ ರಾಜ್ಯಕ್ಕೆ ಹೋದರು. ಆಸ್ಥಾನದಲ್ಲಿದ್ದ ಫ್ರೆಂಚ್ ಪ್ರೊಟೆಸ್ಟಂಟನೊಬ್ಬ ಇವರು ಪೋರ್ಚುಗೀಸರ ಗೂಢಚಾರ ಎಂದು ಚಾಡಿ ಹೇಳಿದ. ದೊರೆ ಎರಡನೆಯ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ. ಸೆರೆಯಲ್ಲಿ ವಾಜ್ ಸಿಂಹಳ ಕಲಿತರು. ಕಾವಲಿನವರು ನೋಡುತ್ತಾ ಹೋದಂತೆ ಈ ಮನುಷ್ಯನ ಬಳಿ ಗೂಢಚಾರನ ಬಳಿ ಇರಬೇಕಾದ ಯಾವುದೂ ಇಲ್ಲವೆಂದು ಗೊತ್ತಾಯಿತು. ನಂತರ, 1697ರ ಸುಮಾರಿಗೆ, ಕ್ಯಾಂಡಿಗೆ ಸಿಡುಬು ಬಂತು. ನಮ್ಮ ಹಿರಿಯರು ದೇವಿ ಎನ್ನುತ್ತಿದ್ದ ಬೇನೆ ಅದು, ಹೆಸರೆತ್ತಲೂ ಅಂಜುತ್ತಿದ್ದರು. ಮನೆಯವರೇ ರೋಗಿಗಳನ್ನು ಬಿಟ್ಟು ಊರು ತೊರೆದರು. ವಾಜ್ ಮತ್ತು ಅವರ ಜೊತೆಗಾರ ಗುರು ಜೋಸೆಫ್ ಕಾರ್ವಾಲ್ಹೊ ಊರಲ್ಲೇ ಉಳಿದರು. ಬಿಟ್ಟುಹೋದವರನ್ನು ಎತ್ತಿ ತಂದು ನೆರಳಲ್ಲಿ ಮಲಗಿಸಿದರು, ಹುಣ್ಣು ತೊಳೆದರು, ಉಣಿಸಿದರು, ಸತ್ತವರಿಗೆ ಗುಂಡಿ ತೋಡಿ ಹೂಳಿದರು. ಇಬ್ಬರು ಕ್ರೈಸ್ತ ಗುರುಗಳು ಈ ಕೈಂಕರ್ಯ ಮಾಡಿದ್ದು ಬಹುಪಾಲು ಬೌದ್ಧರೇ ಇದ್ದ ನಗರದಲ್ಲಿ. ಬೇನೆ ಇಳಿದ ಮೇಲೆ ದೊರೆ ಅವರಿಗೆ ತನ್ನ ರಾಜ್ಯದಲ್ಲಿ ತಿರುಗಾಡಿ ಬೋಧಿಸುವ ಸ್ವಾತಂತ್ರ್ಯ ಕೊಟ್ಟ. ಈ ದೊರೆ ಧರ್ಮದಲ್ಲಿ ಉದಾಸೀನನಾಗಿದ್ದವನಲ್ಲ. ಅದೇ ದಶಕದಲ್ಲಿ ಅರಕಾನಿನಿಂದ ಭಿಕ್ಷುಗಳನ್ನು ಕರೆಸಿ ಬೌದ್ಧ ಉಪಸಂಪದಾ ದೀಕ್ಷೆಯನ್ನು ಮತ್ತೆ ನೆಲೆಗೊಳಿಸಿದ ಶ್ರದ್ಧಾವಂತ. ಭಿಕ್ಷುವಿನ ಬಾಳು ಹೇಗಿರಬೇಕೆಂದು ಚೆನ್ನಾಗಿ ಬಲ್ಲವನೇ ಈ ಪರದೇಶಿ ಪಾದ್ರಿಯನ್ನು ನಂಬಿದ.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳಿಗೆ ಬರಬೇಕು. ಮೊದಲನೆಯದು ಎಲ್ಲರ ನಾಲಗೆಯ ಮೇಲಿರುವುದು: ಈ ಸೇವೆಯೆಲ್ಲ ಮತಾಂತರಕ್ಕೆ ಹಾಕಿದ ಗಾಳವಲ್ಲವೇ? ವಾಜ್ ಮತಪ್ರಚಾರಕರೇ ಹೌದು. ಜನ ಕ್ರಿಸ್ತನ ಕಡೆ ಬರಬೇಕೆಂದು ಬಯಸಿದರು, ಬಂದವರಿಗೆ ದೀಕ್ಷಾಸ್ನಾನ ಕೊಟ್ಟರು. ಇದನ್ನು ಮುಚ್ಚುವುದು ಅವರಿಗೇ ಮಾಡುವ ಅವಮಾನ. ಅವರು ಹುಟ್ಟಿ ಬೆಳೆದ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ 1560ರಿಂದ ಜನರನ್ನು ಕಾಡುತ್ತಿತ್ತು ಎಂಬುದನ್ನೂ ಮರೆಯಬಾರದು. ಆದರೆ ಗಾಳ ಹಾಕುವವನ ಬಳಿ ಎರೆ ಇರಬೇಕು. ಭೂಮಿ, ಹುದ್ದೆ, ತೆರಿಗೆಯ ವಿನಾಯಿತಿ, ಇಲ್ಲವೆ ಶಿಕ್ಷೆಯ ಭಯ, ಇವು ಗೋವೆಯ ಅಧಿಕಾರದ ಬಳಿ ಇದ್ದವು. ಜಾಫ್ನಾದಲ್ಲಿ, ಕ್ಯಾಂಡಿಯಲ್ಲಿ ವಾಜ್ ಅವರ ಬಳಿ ಇವುಗಳಲ್ಲಿ ಒಂದೂ ಇರಲಿಲ್ಲ. ಅವರ ಕಡೆ ಸೇರಿದವನಿಗೆ ಸಿಗುತ್ತಿದ್ದದ್ದು ಡಚ್ಚರ ಕೈಯ ದಂಡ. ಇನ್ನೂ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅವರು ಕೆಲಸ ಮಾಡಿದ ಎರಡೂ ನಾಡುಗಳಲ್ಲಿ ಅವರಿಗೆ ಎಡೆಕೊಟ್ಟದ್ದು ಲಿಂಗಾಯತ ರಾಣಿಯ ರಾಜ್ಯ ಮತ್ತು ಬೌದ್ಧ ದೊರೆಯ ರಾಜ್ಯ. ಬೇಟೆಯಾಡಿದ್ದು ಕ್ರೈಸ್ತರದೇ ಆದ ಡಚ್ ಆಡಳಿತ. ಹಾಗಾಗಿ ಅವರ ಕಥೆಯನ್ನು ಸಾಮ್ರಾಜ್ಯದ ಬೆನ್ನೇರಿ ಬಂದ ಧರ್ಮದ ಕಥೆಯಾಗಿ ಓದಲು ಸಾಕ್ಷ್ಯ ಒಪ್ಪುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಬಡತನವನ್ನು ಹೊಗಳುವುದು ಬಡವರಿಗೆ ಮಾಡುವ ದ್ರೋಹ ಎನ್ನುವವರಿದ್ದಾರೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬೆರಳು ಸವೆಸಿದ ಹೆಣ್ಣುಮಕ್ಕಳ ಮುಂದೆ, ಸುಗ್ಗಿ ಬಂದರೆ ಅಥಣಿ, ರಾಯಬಾಗದ ಕಬ್ಬಿನ ಗದ್ದೆಗಳ ಬದಿಯಲ್ಲಿ ಗುಡಿಸಲು ಹಾಕುವ ಗ್ಯಾಂಗಿನವರ ಮುಂದೆ ನಿಂತು ಬಡತನ ಪವಿತ್ರವಾದದ್ದು ಎಂದರೆ ಅವರು ನಮ್ಮನ್ನು ಏನೆಂದುಕೊಂಡಾರು? 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಹೆದ್ದಾರಿಗಿಳಿದದ್ದು ನ್ಯಾಯವಾದ ಬೆಲೆಗಾಗಿ. ಗುಂಡಿಗೆ ಎದೆಯೊಡ್ಡಿದ ಆ ಜನಕ್ಕೆ ಬಡತನದ ಪ್ರವಚನ ಬೇಕಾಗಿರಲಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಒಪ್ಪಿಯೂ ನನ್ನ ವಾದದಲ್ಲೇ ನಿಲ್ಲುತ್ತೇನೆ. ಇಲ್ಲದಿರುವುದು ಬೇರೆ, ಬೇಡವೆನ್ನುವುದು ಬೇರೆ. ಹೇರಿದ ಬಡತನ ಅನ್ಯಾಯ, ಅದನ್ನು ತೊಲಗಿಸಬೇಕು. ವಾಜ್ ಬಡತನವನ್ನು ಆರಿಸಿಕೊಂಡದ್ದು ಆ ಅನ್ಯಾಯವನ್ನು ಹೊಗಳಲಿಕ್ಕಲ್ಲ, ಅದರ ಕೆಳಗೆ ಇದ್ದವರ ಪಕ್ಕದಲ್ಲಿ ಕೂರಲಿಕ್ಕೆ. ಕೂಲಿ ಏಕೆ ಕಡಿಮೆ, ಭೂಮಿ ಯಾರದು ಎಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ ಎಂಬುದು ನಿಜ, ಅದು ಅವರ ಮಿತಿ. ಕಾಯಕವನ್ನು ಬಿಟ್ಟು ಭಿಕ್ಷೆ ಹಿಡಿದದ್ದು ಶರಣರ ಮಾರ್ಗಕ್ಕೆ ಒಗ್ಗುವುದಿಲ್ಲ ಎಂದು ಕೆಲವರು ಸೇರಿಸುತ್ತಾರೆ. ಅವರು ಭಿಕ್ಷೆಯ ದಿನಗಳನ್ನಷ್ಟೇ ನೋಡಿದ್ದಾರೆ. ಹೆಣ ಹೊತ್ತು, ಗುಂಡಿ ತೋಡಿ, ಕೀವು ಒರೆಸಿದ ದಿನಗಳನ್ನು ಕಾಯಕವೆನ್ನದೆ ಬೇರೇನೆನ್ನುವುದು?

ಮೂರನೆಯದು ಜಾತಿಯದು, ಬಸವಣ್ಣನ ನೆಲದಲ್ಲಿ ಇದನ್ನು ಕೇಳದಿದ್ದರೆ ತಪ್ಪಾದೀತು. ವಾಜ್ ಕ್ರೈಸ್ತರಾದ ಗೌಡ ಸಾರಸ್ವತ ಬ್ರಾಹ್ಮಣ ಮನೆತನದವರು. ಅವರು ಕಟ್ಟಿದ ಗೋವೆಯ ಒರೆಟರಿ ಸಂಘ ಬ್ರಾಹ್ಮಣ ಮೂಲದ ಗುರುಗಳನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಬಿಳಿಯರು ತಮಗೆ ಮುಚ್ಚಿದ ಬಾಗಿಲನ್ನು ತೆರೆದುಕೊಂಡವರು ತಮ್ಮ ಹಿಂದೆ ಬರುವವರಿಗೆ ಅದೇ ಬಾಗಿಲನ್ನು ಮುಚ್ಚಿದರು. ಇದಕ್ಕೆ ಸಮರ್ಥನೆ ಇಲ್ಲ, ನಾನು ಹುಡುಕುವುದೂ ಇಲ್ಲ. ಹೇಳಬಹುದಾದದ್ದು ಒಂದೇ: ಸಂಘ ಗೋವೆಯಲ್ಲಿ ಕಾಯ್ದುಕೊಂಡ ಗೆರೆಯನ್ನು ಕ್ಯಾಂಡಿಯ ಸಿಡುಬಿನ ದಿನಗಳಲ್ಲಿ ಅದೇ ಸಂಘದ ಇಬ್ಬರು ತಮ್ಮ ಕೈಗಳಿಂದ ಅಳಿಸಿದರು. ಹೆಣಕ್ಕೆ ಜಾತಿ ಕೇಳದ ಕೈ ಅದು. ನಿಯಮ ಮಾಡಲಾರದ್ದನ್ನು ಬಡತನ ಮಾಡಿತು ಎಂದು ನಾನು ತಿಳಿಯುತ್ತೇನೆ.

ಪವಾಡಗಳ ವಿಚಾರವನ್ನು ಬೇಗ ಮುಗಿಸುತ್ತೇನೆ. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಕ್ಯಾಂಡಿಯಲ್ಲಿ ಮಳೆ ಬಂತೆಂದೂ ಮಂಗಳೂರು ಬಳಿಯ ಮುಡಿಪು ಗುಡ್ಡದಲ್ಲಿ ಅದ್ಭುತ ಬೆಳಕು ಕಂಡಿತೆಂದೂ ಭಕ್ತರು ನಂಬುತ್ತಾರೆ. ಮುಡಿಪು ಇಂದು ಅವರ ಹೆಸರಿನ ಯಾತ್ರಾಸ್ಥಳ. ನಂಬುವವರ ನಂಬಿಕೆ ಅವರದು. ನನ್ನ ವಾದ ಅವುಗಳ ಮೇಲೆ ನಿಂತಿಲ್ಲ. ಅವರ ಮೊದಲ ದೊಡ್ಡ ಜೀವನಚರಿತ್ರೆ, ಅದೇ ಸಂಘದ ಸೆಬಾಸ್ತಿಯಾಂವ್ ದೊ ರೇಗೊ ಪೋರ್ಚುಗೀಸಿನಲ್ಲಿ ಬರೆದದ್ದು, 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಅದು ಭಕ್ತನ ಬರಹ, ಸೋಸಿ ಓದಬೇಕಾದದ್ದು. ಸೋಸಿದ ಮೇಲೂ ಸೆರೆ, ಸಿಡುಬು, ಬರಿಗಾಲು ಉಳಿಯುತ್ತವೆ. ಕೆಳದಿಯ ಕಾಲದ ಕರಾವಳಿಯ ಬದುಕು ತಿಳಿಯಲು ಕೂಡ ಇಂಥ ಪೋರ್ಚುಗೀಸ್ ಮೂಲಗಳು ನಮ್ಮ ಸಂಶೋಧಕರಿಗೆ ಬೇಕು. ಬೆಳಗಾವಿಯ ವಿಶ್ವವಿದ್ಯಾಲಯದಿಂದ ಹಳೆಯ ಗೋವೆಗೆ ಅರ್ಧ ದಿನದ ದಾರಿ. ಚರಿತ್ರೆ ಓದುವ ಈ ಭಾಗದ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಆ ಭಾಷೆ ಕಲಿಯಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ಸಾಕ್ಷ್ಯ. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ಪೋಪರ ರಾಯಭಾರಿಯಾಗಿ ಪೂರ್ವಕ್ಕೆ ಬಂದಿದ್ದ ತೂರ್ನೊ ಅವರು ವಾಜ್ ಅವರನ್ನು ಸಿಲೋನಿನ ಧರ್ಮಾಧ್ಯಕ್ಷರನ್ನಾಗಿ ಮಾಡಬೇಕೆಂದು ಬಯಸಿದರು. ಆಗ ಡಚ್ಚರ ಹಿಡಿತ ತುಸು ಸಡಿಲಾಗಿತ್ತು, ದೊರೆಯ ವಿಶ್ವಾಸ ಸಿಕ್ಕಿತ್ತು, ಗೋವೆಯಿಂದ ಹೊಸ ಗುರುಗಳು ಬಂದಿದ್ದರು; 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಮುಂದೆ ಸಿಂಹಳ, ತಮಿಳು ಎರಡರಲ್ಲೂ ಹೆಸರಾದ ಲೇಖಕರಾದರು. ಪದವಿ ಒಪ್ಪಿಕೊಳ್ಳಲು ಇದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ವಾಜ್ ಬೇಡವೆಂದರು, ಗುರುವಾಗಿಯೇ ಉಳಿದರು. ಕೆನರಾದಲ್ಲಿ ನೇಮಕಪತ್ರ ಏನು ಮಾಡಿತ್ತು ಎಂಬುದನ್ನು ಕಂಡವರಿಗೆ ಈ ನಿರಾಕರಣೆ ಬರಿಯ ವಿನಯವಾಗಿ ತೋರದು. ಅದು ಅನುಭವದ ತೀರ್ಮಾನ. ಕಾಯಿಲೆಯಿಂದ ಸೊರಗಿದ ಮೇಲೂ ಅವರು ಗೋವೆಗೆ ಮರಳಲಿಲ್ಲ. 1687ರಲ್ಲಿ ಕೂಲಿಯ ವೇಷದಲ್ಲಿ ಹೊರಟವರು ಮತ್ತೆ ಭಾರತದ ನೆಲ ಮೆಟ್ಟಲೇ ಇಲ್ಲ. 1711ರ ಜನವರಿ 16ರಂದು ಅವರು ತೀರಿಕೊಂಡಾಗ ಕ್ಯಾಂಡಿಯ ದೊರೆ ವೀರ ನರೇಂದ್ರಸಿಂಹ. ಅವರನ್ನು ಆ ಊರಿನಲ್ಲೇ ಹೂಳಿದರು. ಹೂಳಿದ ಜಾಗ ಯಾವುದೆಂದು ಇಂದಿಗೂ ಪತ್ತೆಯಾಗಿಲ್ಲ.